ತಲಕಾಡು: ಒಂದು ನದೀತೀರದ ನಗರದ ಚರಿತ್ರೆ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿಯು ಆಗ್ನೇಯಾಭಿಮುಖವಾಗಿ ಹರಿದು, ಹೆಮ್ಮಿಗೆಯ ಪರಿಸರವನ್ನು ದಾಟಿ, ತಲಕಾಡಿನ ಬಳಿ ಎಡಕ್ಕೆ ಹೊರಳಿ ಶಿವನಸಮುದ್ರದ ಕಡೆಗೆ ಸಾಗುತ್ತದೆ. ಈ ತಿರುವಿನ ಎಡದಂಡೆಯಲ್ಲಿ ಮರಳಿನ ದಿಬ್ಬಗಳು ಸಾಲಾಗಿ ನಿಂತಿವೆ. ಆ ದಿಬ್ಬಗಳ ನಡುವೆ ತಗ್ಗಿನಲ್ಲಿ ದೇವಾಲಯಗಳಿವೆ. ದಿಬ್ಬಗಳ ಆಚೆಗೆ, ಇಂದಿಗೂ ಜನ ವಾಸಿಸುತ್ತಿರುವ ಊರಿದೆ. ಒಂದು ಕಾಲದಲ್ಲಿ ಗಂಗವಾಡಿ ತೊಂಬತ್ತಾರು ಸಾಸಿರದ ರಾಜಧಾನಿಯಾಗಿದ್ದ ನಗರವು ಇದೇ.

ತಲಕಾಡಿನ ಹೆಸರನ್ನೆತ್ತಿದೊಡನೆ ನಮ್ಮ ನಾಡಿನ ಜನಕ್ಕೆ ಮೊದಲು ನೆನಪಾಗುವುದು ಗಂಗರಲ್ಲ, ಅಲಮೇಲಮ್ಮನ ಶಾಪ. ತರಗತಿಗಳಲ್ಲಿ ಗಂಗವಂಶದ ಪಾಠವನ್ನು ಹೇಳುವಾಗಲೂ ವಿದ್ಯಾರ್ಥಿಗಳು ಕೇಳುವ ಮೊದಲನೆಯ ಪ್ರಶ್ನೆ ಶಾಪವು ನಿಜವೇ ಎಂಬುದು. ಈ ಪ್ರಶ್ನೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಹಾಗೆ ಮಾಡಿದರೆ ಚರಿತ್ರೆಯ ಒಂದು ಆಧಾರವನ್ನೂ ಅದರೊಡನೆ ತಳ್ಳಿಹಾಕಿದಂತಾಗುತ್ತದೆ. ತಲಕಾಡು ಒಂದು ದಿನದಲ್ಲಿ ಅಳಿದ ನಗರವಲ್ಲ. ಅದರ ರಾಜಕೀಯ ಪ್ರಾಮುಖ್ಯ ಕುಂದಿದ ಕಥೆ ಬೇರೆ, ಅದರ ನೆಲವನ್ನು ಮರಳು ಮುಚ್ಚಿದ ಕಥೆ ಬೇರೆ. ಶಾಪದ ಐತಿಹ್ಯವು ಇವೆರಡನ್ನೂ ಒಂದಾಗಿ ಹೆಣೆದಿದೆ. ಈ ಎಳೆಗಳನ್ನು ಬಿಡಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

1. ಹೆಸರು ಮತ್ತು ಐತಿಹ್ಯ

ಸಂಸ್ಕೃತ ಲೇಖಗಳಲ್ಲಿ ಈ ಊರಿಗೆ ತಲವನಪುರವೆಂಬ ಹೆಸರಿದೆ. ಕನ್ನಡದ ತಲಕಾಡು ಎಂಬುದಕ್ಕೆ ಇದು ನೇರವಾದ ಸಮಾನಪದ. ಸ್ಥಳಪುರಾಣವಾದರೋ ತಲ ಮತ್ತು ಕಾಡ ಎಂಬ ಇಬ್ಬರು ಬೇಡರ ಕಥೆಯನ್ನು ಹೇಳುತ್ತದೆ. ಕಾಡಾನೆಗಳು ಪೂಜಿಸುತ್ತಿದ್ದ ಬೂರುಗದ ಮರವನ್ನು ಅವರು ಕಡಿದಾಗ ರಕ್ತ ಚಿಮ್ಮಿತೆಂದೂ, ಅಶರೀರವಾಣಿಯಂತೆ ಮರದ ಎಲೆ ಮತ್ತು ಕಾಯಿಗಳಿಂದ ಗಾಯವನ್ನು ಮಾಗಿಸಿದರೆಂದೂ, ತನಗೆ ತಾನೇ ವೈದ್ಯನಾದ ಶಿವನು ವೈದ್ಯೇಶ್ವರನೆನಿಸಿದನೆಂದೂ ಪ್ರತೀತಿ. ಕ್ಷೇತ್ರಕ್ಕೆ ಗಜಾರಣ್ಯವೆಂಬ ಹೆಸರು ಬಂದುದೂ ಈ ಕಥೆಯ ಸಂಬಂಧದಿಂದಲೇ. ಊರಿನ ಹೆಸರನ್ನು ವಿವರಿಸಲು ಹುಟ್ಟಿದ ಇಂಥ ಕಥೆಗಳು ಇತಿಹಾಸವಾಗಲಾರವು. ಆದರೂ ನದೀತೀರದ ಕಾಡನ್ನು ಕಡಿದು ನೆಲೆಸಿದ ಜನರ ಮಸುಕಾದ ನೆನಪೊಂದು ಇದರಲ್ಲಿ ಉಳಿದಿರಬಹುದೆಂದು ಊಹಿಸಲು ಅವಕಾಶವುಂಟು.

2. ಗಂಗರ ರಾಜಧಾನಿ

ಗಂಗರು ಮೊದಲು ಕುವಲಾಲ, ಅಂದರೆ ಇಂದಿನ ಕೋಲಾರದಿಂದ ಆಳುತ್ತಿದ್ದರು. ಅನಂತರ ರಾಜಧಾನಿಯು ತಲಕಾಡಿಗೆ ಬಂದಿತು. ಈ ಬದಲಾವಣೆಯನ್ನು ವಂಶದ ಆರಂಭಕಾಲದ ಅರಸನಾದ ಹರಿವರ್ಮನಿಗೆ ಆರೋಪಿಸುವುದು ರೂಢಿಯಾಗಿದೆ. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದುದೂ, ರೈಸರು ಅವನ್ನು ಸಮರ್ಥಿಸಿದುದೂ ಶಾಸನಶಾಸ್ತ್ರದ ಅಭ್ಯಾಸಿಗಳಿಗೆ ತಿಳಿದ ವಿಷಯವೇ. ಆದಕಾರಣ ಮೊದಲ ಅರಸರ ಕಾಲನಿರ್ಣಯವನ್ನು ಕಟ್ಟುನಿಟ್ಟಾಗಿ ಹೇಳದಿರುವುದೇ ಯುಕ್ತ. 6ನೆಯ ಶತಮಾನದ ದುರ್ವಿನೀತನ ಕಾಲಕ್ಕೆ ಬರುವಷ್ಟರಲ್ಲಿ ನಾವು ಗಟ್ಟಿನೆಲದ ಮೇಲೆ ಇರುತ್ತೇವೆ. ಪ್ರಾಚೀನ ಕನ್ನಡ ಗದ್ಯಕಾರರ ಸಾಲಿನಲ್ಲಿ ದುರ್ವಿನೀತನೆಂಬ ಹೆಸರನ್ನು 9ನೆಯ ಶತಮಾನದ ಕವಿರಾಜಮಾರ್ಗವು ಸ್ಮರಿಸುತ್ತದೆ. ಅದು ಈ ಅರಸನದೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ.

ರಾಜಧಾನಿಗೆ ಈ ಸ್ಥಳವನ್ನೇ ಏಕೆ ಆರಿಸಿದರು ಎಂಬುದಕ್ಕೆ ಭೂಪಟವೇ ಉತ್ತರ ಹೇಳುತ್ತದೆ. ಮೇಲ್ಗಡೆ ಎರಡು ನದಿಗಳ ಸಂಗಮ, ಎದುರಿಗೆ ವರ್ಷವಿಡೀ ನೀರಿರುವ ಹೊಳೆ, ಸುತ್ತಲೂ ಫಲವತ್ತಾದ ಬಯಲು, ದಕ್ಷಿಣಕ್ಕೆ ತಮಿಳುನಾಡಿನ ಕಡೆಗೆ ಹೋಗುವ ದಾರಿಗಳು. ನಗರಕ್ಕೆ ಅನ್ನವನ್ನೂ ರಕ್ಷಣೆಯನ್ನೂ ಕೊಟ್ಟುದು ಈ ನದಿಯೇ. ಮುಂದೆ ಮರಳನ್ನು ತಂದುದೂ ಈ ನದಿಯೇ ಎಂಬುದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿವೇಚನೆ ಸುಲಭವಾಗುತ್ತದೆ.

ತಲಕಾಡಿನ ಏಕಾಧಿಪತ್ಯವು ಬಹುಕಾಲ ಉಳಿಯಲಿಲ್ಲ. 8ನೆಯ ಶತಮಾನದಲ್ಲಿ ದೀರ್ಘಕಾಲ ಆಳಿದ ಶ್ರೀಪುರುಷನು ನೆಲಮಂಗಲದ ಸಮೀಪದ ಮಾನ್ಯಪುರವನ್ನು, ಎಂದರೆ ಇಂದಿನ ಮಣ್ಣೆಯನ್ನು, ತನ್ನ ನೆಲೆವೀಡನ್ನಾಗಿ ಮಾಡಿಕೊಂಡನು. ರಾಜ್ಯದ ಉತ್ತರದಲ್ಲಿ ರಾಷ್ಟ್ರಕೂಟರ ಒತ್ತಡ ಹೆಚ್ಚಿದ ಕಾಲವದು. ಅರಸನ ದೃಷ್ಟಿ ಉತ್ತರಕ್ಕೆ ತಿರುಗಿದುದು ಸಹಜವೇ ಆಗಿತ್ತು. ತಲಕಾಡು ವಂಶದ ಮೂಲಪಟ್ಟಣವೆಂಬ ಗೌರವವನ್ನು ಉಳಿಸಿಕೊಂಡಿತಾದರೂ, ರಾಜನಿಲ್ಲದೆ ಬಾಳುವುದನ್ನು ಅದು ಆಗಲೇ ಕಲಿಯಬೇಕಾಯಿತು. ಮರಳು ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲು ನಡೆದ ಸಂಗತಿಯಿದು.

3. ರಾಜರಾಜಪುರ

ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಗೊಮ್ಮಟನನ್ನು ನಿಲ್ಲಿಸಿದುದು ಸುಮಾರು 981ರಲ್ಲಿ. ಅದಾದ ಕಾಲು ಶತಮಾನದೊಳಗೆ, ಸುಮಾರು 1004ರಲ್ಲಿ, ರಾಜರಾಜ ಚೋಳನ ಸೈನ್ಯವು ತಲಕಾಡನ್ನು ಹಿಡಿದು ಗಂಗರ ಸ್ವತಂತ್ರ ಆಳ್ವಿಕೆಯನ್ನು ಕೊನೆಗಾಣಿಸಿತು. ಊರಿಗೆ ರಾಜರಾಜಪುರವೆಂಬ ಹೊಸ ಹೆಸರಾಯಿತು. ಎದುರುದಡದ ಮಾಲಂಗಿಗೆ ಜನನಾಥಪುರವೆಂಬ ಹೆಸರು ಸಂದಿತು. ಸುತ್ತಣ ನಾಡು ಮುಡಿಗೊಂಡಚೋಳ ಮಂಡಲವೆನಿಸಿತು. ಈ ಪ್ರದೇಶದಲ್ಲಿ ದೊರೆಯುವ ತಮಿಳು ಶಾಸನಗಳು ಆ ಕಾಲದ ಕುರುಹುಗಳು. ಗೆದ್ದವರು ನಗರವನ್ನು ಸುಟ್ಟು ಹೋಗಲಿಲ್ಲ, ಅದಕ್ಕೆ ತಮ್ಮ ಚಕ್ರವರ್ತಿಯ ಹೆಸರನ್ನಿಟ್ಟರು ಎಂಬುದನ್ನು ಗಮನಿಸಬೇಕು. ಬಿಟ್ಟುಹೋಗುವ ಊರಿಗೆ ಯಾರೂ ತಮ್ಮ ದೊರೆಯ ಹೆಸರನ್ನಿಡುವುದಿಲ್ಲ.

4. ತಲಕಾಡುಗೊಂಡ

ಚೋಳರ ಆಳ್ವಿಕೆ ನೂರು ವರ್ಷಗಳಿಗಿಂತ ಸ್ವಲ್ಪ ಹೆಚ್ಚಾಗಿ ನಡೆಯಿತು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಚೋಳರ ಸಾಮಂತ ಅದಿಯಮನನ್ನು ಸೋಲಿಸಿ ತಲಕಾಡನ್ನು ವಶಪಡಿಸಿಕೊಂಡನು. ಈ ಗೆಲವಿನ ವರ್ಣನೆ ಮಳವಳ್ಳಿ ತಾಲ್ಲೂಕಿನ ತಿಪ್ಪೂರಿನ ಶಾಸನದಲ್ಲಿದೆ. ಗೆಲವಿನ ನೆನಪಿಗಾಗಿ ತಲಕಾಡಿನಲ್ಲಿ ಕೀರ್ತಿನಾರಾಯಣನ ದೇವಾಲಯವು 1117ರಲ್ಲಿ ಸ್ಥಾಪಿತವಾಯಿತು. ಬೇಲೂರಿನ ವಿಜಯನಾರಾಯಣನ ಪ್ರತಿಷ್ಠೆಯೂ ಅದೇ ವರ್ಷದ್ದು. ವಿಷ್ಣುವರ್ಧನನು ತಲಕಾಡುಗೊಂಡನೆಂಬ ಬಿರುದನ್ನು ಧರಿಸಿದುದಲ್ಲದೆ, ಅದನ್ನು ತನ್ನ ಚಿನ್ನದ ನಾಣ್ಯಗಳ ಮೇಲೆ ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿದನು.

ಒಂದು ಊರನ್ನು ಗೆದ್ದುದು ಇಷ್ಟು ದೊಡ್ಡ ಹೆಮ್ಮೆಯ ವಿಷಯವಾಗಬೇಕಾದರೆ ಆ ಊರಿನ ಪ್ರತಿಷ್ಠೆ ಎಷ್ಟಿದ್ದಿರಬೇಕೆಂಬುದನ್ನು ಊಹಿಸಬಹುದು. ಆದರೂ ಬಿರುದು ಅರಸನಿಗಾಯಿತು, ರಾಜಧಾನಿಯ ಪಟ್ಟ ಮಾತ್ರ ದೋರಸಮುದ್ರದಲ್ಲಿಯೇ ಉಳಿಯಿತು. ಹೊಯ್ಸಳರ ಕಾಲದಲ್ಲಿ ತಲಕಾಡು ಏಳು ಪುರಗಳನ್ನೂ ಐದು ಮಠಗಳನ್ನೂ ಒಳಗೊಂಡಿತ್ತೆಂದು ರೈಸರು ಬರೆದಿದ್ದಾರೆ. ಅರಮನೆಯ ಊರು ಕ್ರಮವಾಗಿ ದೇವಸ್ಥಾನದ, ಮಠದ, ಗದ್ದೆಯ ಊರಾಗಿ ಮಾರ್ಪಟ್ಟಿತು. ಇದನ್ನು ಅವನತಿಯೆನ್ನುವುದಕ್ಕಿಂತ ರೂಪಾಂತರವೆನ್ನುವುದು ಸರಿಯಾದೀತು. 14ನೆಯ ಶತಮಾನದಲ್ಲಿ ಹೊಯ್ಸಳರ ರಾಜ್ಯ ಮುಗಿದ ಮೇಲೆ ಊರು ವಿಜಯನಗರದ ಅಧೀನಕ್ಕೆ ಬಂದಿತು.

5. ಶಾಪದ ಕಥೆ

1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಆ ಪ್ರತಿನಿಧಿಯನ್ನು ಕೆಲವು ಬರೆಹಗಳು ತಿರುಮಲನೆಂದೂ ಜನಪದ ಕಥೆಗಳು ಶ್ರೀರಂಗರಾಯನೆಂದೂ ಕರೆಯುತ್ತವೆ. ಬೆನ್ನುಹುಣ್ಣಿನಿಂದ ನರಳುತ್ತಿದ್ದ ಅವನು ವೈದ್ಯೇಶ್ವರನ ಸೇವೆಗಾಗಿ ತಲಕಾಡಿಗೆ ಬಂದು ಅಲ್ಲಿಯೇ ತೀರಿಕೊಂಡನು. ಅವನ ಮಡದಿ ಅಲಮೇಲಮ್ಮನ ಬಳಿ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಆಭರಣಗಳಿದ್ದುವು. ಅವನ್ನು ತರಲು ಮೈಸೂರಿನವರು ಆಳುಗಳನ್ನು ಕಳುಹಿಸಿದಾಗ ಆಕೆ ಮಾಲಂಗಿಯ ಬಳಿ ಹೊಳೆಗೆ ಹಾರಿದಳು ಎಂಬುದು ಕಥೆ. ಹಾರುವಾಗ ಆಕೆ ತಲಕಾಡು ಮರಳಾಗಲೆಂದೂ, ಮಾಲಂಗಿ ಮಡುವಾಗಲೆಂದೂ, ಮೈಸೂರಿನ ದೊರೆಗಳಿಗೆ ಮಕ್ಕಳಾಗದಿರಲೆಂದೂ ಶಪಿಸಿದಳಂತೆ.

ಇಲ್ಲಿ ಕಾಲದ ತೊಡಕೊಂದಿದೆ. ತಲಕಾಡು ಮೈಸೂರಿನವರಿಗೆ ಸೇರಿದುದು 1634ರಲ್ಲಿ ಎಂದು ರೈಸರು ಹೇಳುತ್ತಾರೆ. ಶ್ರೀರಂಗಪಟ್ಟಣದ ಪ್ರಸಂಗಕ್ಕೂ ಇದಕ್ಕೂ ನಡುವೆ 24 ವರ್ಷಗಳ ಅಂತರವಿದೆ. ಎರಡು ಘಟನೆಗಳು ಜನರ ನೆನಪಿನಲ್ಲಿ ಒಂದರೊಡನೊಂದು ಬೆರೆತಿರುವಂತೆ ತೋರುತ್ತದೆ. ಶಾಪದ ಮೂರನೆಯ ಭಾಗವೂ ಅಕ್ಷರಶಃ ನಿಲ್ಲುವುದಿಲ್ಲ. ಮೈಸೂರಿನ ಅರಸುಮನೆಯಲ್ಲಿ ಅನೇಕ ಸಲ ದತ್ತುಸ್ವೀಕಾರ ನಡೆದುದು ನಿಜ. ಆದರೆ 1894ರಲ್ಲಿ ಪಟ್ಟಕ್ಕೆ ಬಂದ ನಾಲ್ವಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರ ಒಡೆಯರ ಔರಸಪುತ್ರರೇ ಆಗಿದ್ದರು.

ಇನ್ನುಳಿದ ಎರಡು ಭಾಗಗಳು ಹಾಗಲ್ಲ. ತಲಕಾಡಿನಲ್ಲಿ ಮರಳಿರುವುದೂ ಮಾಲಂಗಿಯಲ್ಲಿ ಮಡುವಿರುವುದೂ ಕಣ್ಣಿಗೆ ಕಾಣುವ ಸಂಗತಿಗಳು. ಹೀಗಿರುವಲ್ಲಿ, ಶಾಪವಾಕ್ಯವು ಮುಂದೆ ಆಗಲಿದ್ದುದನ್ನು ಹೇಳಿತೆನ್ನುವುದಕ್ಕಿಂತ, ಆಗಿದ್ದುದನ್ನೂ ಆಗುತ್ತಲಿದ್ದುದನ್ನೂ ಕಂಡ ಜನರು ಅದಕ್ಕೆ ಕಾರಣವನ್ನು ಹುಡುಕಿಕೊಂಡರೆನ್ನುವುದು ಹೆಚ್ಚು ಯುಕ್ತವಾಗಿ ಕಾಣುತ್ತದೆ.

6. ಮರಳು ಬಂದ ಬಗೆ

ಈಗ ನದಿಯ ತಿರುವನ್ನು ಮತ್ತೊಮ್ಮೆ ನೋಡೋಣ. ಹರಿಯುವ ನೀರು ಬಾಗಿದಾಗ ಬಾಗಿನ ಹೊರದಡದಲ್ಲಿ ವೇಗ ಹೆಚ್ಚು. ಅಲ್ಲಿ ದಡ ಕೊರೆದು ಮಡುವಾಗುತ್ತದೆ. ಒಳದಡದಲ್ಲಿ ವೇಗ ಕಡಮೆ. ನೀರು ಹೊತ್ತುತಂದ ಮರಳು ಅಲ್ಲಿ ಇಳಿದು ನಿಲ್ಲುತ್ತದೆ. ಎಡಕ್ಕೆ ಹೊರಳುವ ಕಾವೇರಿಗೆ ತಲಕಾಡು ಒಳದಡ, ಮಾಲಂಗಿ ಹೊರದಡ. ಅಂದಮೇಲೆ ಒಂದು ಕಡೆ ಮರಳು, ಇನ್ನೊಂದು ಕಡೆ ಮಡು ಎಂಬ ಶಾಪದ ಎರಡು ಮಾತುಗಳು ಒಂದೇ ತಿರುವಿನ ಎರಡು ಫಲಗಳಾಗಿವೆ. ಜನವಾಣಿಯು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಆಕಸ್ಮಿಕವಲ್ಲ. ಹೊಳೆಯ ಸ್ವಭಾವವನ್ನು ದಡದ ಜನರು ಚೆನ್ನಾಗಿ ಬಲ್ಲವರಾಗಿದ್ದರು. ಈ ತಿರುವಿಗೇ ಭೂಮಿಯೊಳಗಣ ಸ್ತರಭಂಗವು ಕಾರಣವೆಂದು ಭೂವಿಜ್ಞಾನಿಗಳಲ್ಲಿ ಕೆಲವರ ಅಭಿಪ್ರಾಯ.

ಆದರೆ ತಿರುವು ಗಂಗರ ಕಾಲದಲ್ಲಿಯೂ ಇದ್ದಿರಬೇಕಷ್ಟೆ. ಹಾಗಿದ್ದರೆ ಮರಳು ನಗರವನ್ನು ಮುಚ್ಚಿದುದು ತಡವಾಗಿ ಏಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಊರಿನ ಮೇಲ್ಗಡೆ, ಹೆಮ್ಮಿಗೆಯ ಪರಿಸರದಲ್ಲಿರುವ ಮಾಧವಮಂತ್ರಿ ಅಣೆಕಟ್ಟನ್ನು ನೋಡಬೇಕಾಗುತ್ತದೆ. ವಿಜಯನಗರದ ಆರಂಭಕಾಲದ ಅಧಿಕಾರಿಯಾದ ಮಾಧವಮಂತ್ರಿಯ ಹೆಸರನ್ನು ಹೊತ್ತಿರುವ ಈ ಅಣೆಯು 14ನೆಯ ಶತಮಾನದ್ದೆಂದು ಪ್ರತೀತಿ. ಅಣೆಯಿಂದ ನಾಲೆಗೆ ನೀರು ತಿರುಗಿದ ಮೇಲೆ ಬೇಸಗೆಯಲ್ಲಿ ಕೆಳಗಣ ಪಾತ್ರದಲ್ಲಿ ನೀರು ತಗ್ಗಿ, ಒಳದಡದ ಮರಳು ಬಯಲಾಗಿ ಒಣಗಿತು. ನೈಋತ್ಯದಿಂದ ಬೀಸುವ ಮುಂಗಾರಿನ ಗಾಳಿ ಅದನ್ನೆತ್ತಿ ಊರಿನ ಮೇಲೆ ಸುರಿಯಿತು. ಈ ವಾದವನ್ನು 21ನೆಯ ಶತಮಾನದ ಮೊದಲ ದಶಕದಲ್ಲಿ ವಿಸ್ತಾರವಾಗಿ ಮಂಡಿಸಿದವರು ಕೃಷಿವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರು. ಇದನ್ನು ಕೊನೆಯ ಮಾತೆಂದು ಭಾವಿಸಬೇಕಾಗಿಲ್ಲ. ಆದರೆ ನದಿಯ ತಿರುವು, ಗಾಳಿಯ ದಿಕ್ಕು, ಅಣೆಯ ಕಾಲ, ಈ ಮೂರನ್ನೂ ಒಟ್ಟಿಗೆ ವಿವರಿಸುವುದು ಈ ವಾದದ ಬಲ.

ಇದಕ್ಕೆ ಸೇರಿಸಿ ಓದಬೇಕಾದ ಇನ್ನೊಂದು ಸಂಗತಿಯಿದೆ. 19ನೆಯ ಶತಮಾನದ ಕೊನೆಯಲ್ಲಿ ರೈಸರ ಮೈಸೂರು ಗೆಜೆಟಿಯರು ತಲಕಾಡಿನ ಸ್ಥಿತಿಯನ್ನು ವರ್ಣಿಸಿದೆ. ಸುಮಾರು ಒಂದು ಮೈಲಿ ಉದ್ದದ ಮರಳದಿಬ್ಬಗಳು ವರ್ಷಕ್ಕೆ 9-10 ಅಡಿಗಳಂತೆ ಮುಂದುವರಿಯುತ್ತಿದ್ದುವು. ನಿವಾಸಿಗಳು ತಮ್ಮ ಮನೆಗಳನ್ನು ಬಿಟ್ಟು ಹಿಂದೆ ಹಿಂದೆ ಸರಿಯುತ್ತಿದ್ದರು. 30ಕ್ಕೂ ಮಿಕ್ಕ ದೇವಾಲಯಗಳು ಮರಳಿನಡಿಯಲ್ಲಿವೆಯೆಂದು ಹೇಳಲಾಗುತ್ತಿತ್ತು. ಇಷ್ಟಾದರೂ ಊರಿನ ಜನಸಂಖ್ಯೆ ಹೆಚ್ಚುತ್ತಲಿತ್ತು. ಅದಕ್ಕೆ ಕಾರಣ ಮಾಧವಮಂತ್ರಿ ನಾಲೆಯ ನೀರಿನಿಂದ ಬೆಳೆಯುತ್ತಿದ್ದ ಸಮೃದ್ಧವಾದ ಗದ್ದೆಗಳು.

ಗಣೇಶಯ್ಯನವರ ವಾದವು ಸರಿಯಾದಲ್ಲಿ, ಮನೆಯ ಮೇಲೆ ಮರಳನ್ನು ತಂದ ಅಣೆಯೂ ಗದ್ದೆಗೆ ನೀರನ್ನು ತಂದ ಅಣೆಯೂ ಒಂದೇ ಎಂದಾಗುತ್ತದೆ. ತಲಕಾಡಿನ ಚರಿತ್ರೆಯ ಹೃದಯವು ಇಲ್ಲಿದೆ ಎಂದು ನಮ್ಮ ಭಾವನೆ. ಶಾಪದ ಕಥೆಯಲ್ಲಿ ಒಬ್ಬ ಸಂಕಟಪಟ್ಟ ಹೆಂಗಸೂ ಒಬ್ಬ ದೊರೆಯೂ ಇದ್ದಾರೆ. ವರ್ಷಕ್ಕೆ ಒಂಬತ್ತು ಅಡಿ ಹಿಂದೆ ಸರಿದು, ಹೊಸ ಗೋಡೆಯನ್ನೆತ್ತಿ, ಮರುದಿನ ಗದ್ದೆಗೆ ಇಳಿದ ಒಕ್ಕಲು ಅದರಲ್ಲಿಲ್ಲ. ಊರನ್ನು ಉಳಿಸಿದವನು ಅವನೇ.

7. ಒಂದು ಹೋಲಿಕೆ: ನಾರ್ಬೊನ್

ನೀರಿನಿಂದ ಬೆಳೆದು ನೀರಿನಿಂದಲೇ ಕುಂದಿದ ನಗರ ತಲಕಾಡೊಂದೇ ಅಲ್ಲ. ದಕ್ಷಿಣ ಫ್ರಾನ್ಸಿನ ನಾರ್ಬೊನ್ ನಗರದ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ರೋಮನರು ಕ್ರಿ. ಪೂ. 118ರಲ್ಲಿ ಅದನ್ನು ವಸಾಹತಾಗಿ ಸ್ಥಾಪಿಸಿದರು. ಮುಂದೆ ಅದು ಒಂದು ಇಡೀ ಪ್ರಾಂತಕ್ಕೆ ತನ್ನ ಹೆಸರನ್ನು ಕೊಟ್ಟ ರಾಜಧಾನಿಯೂ ದೊಡ್ಡ ರೇವೂ ಆಯಿತು. 5ನೆಯ ಶತಮಾನದಲ್ಲಿ ಅದು ವಿಸಿಗಾತರ ವಶವಾಯಿತು. 8ನೆಯ ಶತಮಾನದ ಆರಂಭದಲ್ಲಿ ಸ್ಪೇನಿನಿಂದ ಬಂದ ಮುಸ್ಲಿಮರು ಅದನ್ನು ಗೆದ್ದರು. 759ರಲ್ಲಿ ಫ್ರಾಂಕರ ದೊರೆ ಪೆಪಿನ್ ಪಡೆದುಕೊಂಡನು. ಒಡೆಯರು ಬದಲಾದರೂ ನಗರವು ನಿಂತಿತು. 1272ರಲ್ಲಿ ಅಲ್ಲಿ ಮಹತ್ತರವಾದ ಕೆಥೀಡ್ರಲ್ ಒಂದನ್ನು ಆರಂಭಿಸಿದರು; ಮುಂದುವರಿಸಲು ಊರಿನ ಕೋಟೆಗೋಡೆಯನ್ನು ಒಡೆಯಬೇಕಾದುದರಿಂದ ಕೆಲಸ ನಿಂತಿತು, ಇಂದಿಗೂ ಅದು ಅಪೂರ್ಣವಾಗಿಯೇ ಇದೆ.

14ನೆಯ ಶತಮಾನದಲ್ಲಿ ಓಡ್ ನದಿಯು ಪ್ರವಾಹದಿಂದಾಗಿ ತನ್ನ ಪಾತ್ರವನ್ನು ಬದಲಿಸಿತು. ನದಿ ಹೋದುದರಿಂದ ರೇವು ಹೋಯಿತು, ರೇವು ಹೋದುದರಿಂದ ನಗರ ಬಿದ್ದಿತು ಎಂದು ಹೇಳುವ ವಾಡಿಕೆಯುಂಟು. ಆದರೆ ಕಡಲ ಕಡೆಯ ಹೂಳು ತುಂಬುತ್ತಿದ್ದುದು, 1306ರಲ್ಲಿ ಯೆಹೂದ್ಯರನ್ನು ಹೊರಗಟ್ಟಿದುದರಿಂದ ವ್ಯಾಪಾರಕ್ಕೆ ಬಿದ್ದ ಪೆಟ್ಟು, 1348ರ ಪ್ಲೇಗು, 1355ರಲ್ಲಿ ಇಂಗ್ಲೆಂಡಿನ ರಾಜಕುಮಾರನ ದಂಡು ಮಾಡಿದ ಲೂಟಿ, ಇವೆಲ್ಲವೂ ಸೇರಿಯೇ ಅದರ ಸಂಪತ್ತನ್ನು ಕರಗಿಸಿದುವು. ನದಿ ಬಿಟ್ಟುಹೋದ ಹಳೆಯ ಪಾತ್ರವನ್ನು ಅಲ್ಲಿನ ಜನರು ಕಾಲುವೆಯಾಗಿ ಮಾಡಿಕೊಂಡರು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ದೊಡ್ಡ ಕಾಲುವೆಯೊಂದಕ್ಕೆ ಜೋಡಿಸಿದರು. ಅಲ್ಲಿ ಊರು ನದಿಯನ್ನು ಕಳೆದುಕೊಂಡಿತು, ಇಲ್ಲಿ ನದಿಯ ಮರಳನ್ನು ಪಡೆದುಕೊಂಡಿತು. ಎರಡು ಕಡೆಗಳಲ್ಲಿಯೂ ಪತನಕ್ಕೆ ಒಂದೇ ಕಾರಣವನ್ನು ಹೇಳುವ ಕಥೆಯು, ಹಲವು ಕಾರಣಗಳ ನಿಧಾನವಾದ ಕೆಲಸವನ್ನೂ, ಆಮೇಲೂ ಬಾಳಿದ ಜನರನ್ನೂ ಮರೆಮಾಡುತ್ತದೆ.

8. ಇಂದಿನ ತಲಕಾಡು

20ನೆಯ ಶತಮಾನದಲ್ಲಿ ಮರಳಿನ ನಡೆಯನ್ನು ತಡೆಯಲು ದಿಬ್ಬಗಳ ಮೇಲೆ ಸರ್ವೆ ಮುಂತಾದ ಮರಗಳನ್ನು ಬೆಳೆಸಲಾಯಿತು. ಕೀರ್ತಿನಾರಾಯಣನ ಗುಡಿಯನ್ನು ಮರಳಿನಿಂದ ಬಿಡಿಸಲಾಗಿತ್ತು. ಶತಮಾನದ ಕೊನೆಯ ದಶಕದಲ್ಲಿ ನಡೆದ ಉತ್ಖನನಗಳಲ್ಲಿ ಇಟ್ಟಿಗೆಯ ತಳಹದಿಗಳೂ ಹಳೆಯ ವಸತಿಯ ಕುರುಹುಗಳೂ ಹೊರಬಿದ್ದುವು. ಪಾತಾಳೇಶ್ವರ, ಮರಳೇಶ್ವರ, ವೈದ್ಯೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ, ಈ ಐದು ಲಿಂಗಗಳ ದರ್ಶನವು ಕಾರ್ತಿಕಮಾಸದಲ್ಲಿ ಯೋಗ ಕೂಡಿಬಂದ ವರ್ಷಗಳಲ್ಲಿ ಮಾತ್ರ ನಡೆಯುತ್ತದೆ. 2009, 2013 ಮತ್ತು 2020ರಲ್ಲಿ ಅದು ನಡೆಯಿತು. ದರ್ಶನಕ್ಕೆ ಬಂದ ಯಾತ್ರಿಕರು ಮರಳಿನ ಮೇಲೆ ನಡೆದು, ಮರಳಿನ ನಡುವಣ ಗುಡಿಗಳಿಗೆ ಇಳಿಯುತ್ತಾರೆ. ಮುಚ್ಚಿದ ಮರಳನ್ನೇ ಊರು ತನ್ನ ಕ್ಷೇತ್ರಮಹಿಮೆಯ ಭಾಗವನ್ನಾಗಿ ಮಾಡಿಕೊಂಡಿದೆ.

ಮೇಲಣ ವಿವೇಚನೆಯಿಂದ ತಿಳಿದುಬರುವುದಿಷ್ಟು: ತಲಕಾಡು ರಾಜಧಾನಿಯ ಸ್ಥಾನವನ್ನು ಕಳೆದುಕೊಂಡುದು ರಾಜ್ಯಗಳ ಏಳುಬೀಳಿನಿಂದ, ಅದರ ಹಳೆಯ ನೆಲೆಯನ್ನು ಕಳೆದುಕೊಂಡುದು ನದಿ, ಗಾಳಿ ಮತ್ತು ಬಹುಶಃ ಮನುಷ್ಯನೇ ಕಟ್ಟಿದ ಅಣೆಯಿಂದ. ಇವೆರಡರ ನಡುವೆ ಶತಮಾನಗಳ ಅಂತರವಿದೆ. ಅಲಮೇಲಮ್ಮನ ಕಥೆಯನ್ನು ತರಗತಿಯಲ್ಲಿ ಹೇಳಬಾರದೆಂದು ನಾವು ಹೇಳುವುದಿಲ್ಲ. ಅಧಿಕಾರವು ಕೈಬದಲಾಗುವಾಗ ಸೋತವರಿಗಾದ ನೋವಿನ ಸಾಕ್ಷ್ಯವಾಗಿ ಅದು ನಿಲ್ಲುತ್ತದೆ. ಆದರೆ ನಷ್ಟವನ್ನೆಲ್ಲ ಶಾಪಕ್ಕೆ ಒಪ್ಪಿಸಿದರೆ, ಒಂದು ಅಣೆಯ ಲಾಭ ಯಾರಿಗಾಯಿತು, ಅದರ ಬೆಲೆಯನ್ನು ಯಾರು ತೆತ್ತರು ಎಂಬ ಪ್ರಶ್ನೆಯನ್ನು ಕೇಳುವವರೇ ಇರುವುದಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಳಗೆ, ಕಬಿನಿಯ ಜಲಾಶಯದ ಕೆಳಗೆ, ಇಂದಿಗೂ ಹೊಳೆಯ ದಡದಲ್ಲಿ ಊರುಗಳಿವೆ. ತಲಕಾಡಿನ ಚರಿತ್ರೆಯನ್ನು ಓದುವ ವಿದ್ಯಾರ್ಥಿಯು ಈ ಪ್ರಶ್ನೆಯನ್ನು ಆ ಊರುಗಳ ಬಗೆಗೂ ಕೇಳುವಂತಾದರೆ ಅವನ ಓದು ಸಾರ್ಥಕವಾದಂತೆ.